ಮುತ್ತಜ್ಜಿಗೆ ತವರಿನ ಸುದ್ದಿ

2015, ಮಾರ್ಚ್ 3, ಮಂಗಳವಾರ

ಸೊಲಾಂಜಳನ್ನು ಮತ್ತೆ ಚಾಂಗ್ ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದಾರೆ. ಅಳಿಯ ಅರ್ಮಾನ್ ಫೋನ್ ಮಾಡಿದಾಗ ನಾನು ಅಂಗಳದಲ್ಲಿ ಕಾಳು ಆರಿಸುತ್ತಿದ್ದೆ. "ಗಾಬರಿ ಆಗೋದೇನಿಲ್ಲ ಮಾ, ಡಾಕ್ಟ್ರು ಮಲಗಿಕೊಂಡೇ ಇರ್ಬೇಕು ಅಂದಿದಾರೆ, ಅಷ್ಟೇ" ಅಂದ. ಗಾಬರಿ ಆಗೋದೇನಿಲ್ಲ ಎಂದು ಶುರುವಾದ ಮಾತು ಒಳ್ಳೆಯದರಲ್ಲಿ ಮುಗಿದದ್ದನ್ನು ನಾನು ಈವರೆಗೆ ಕಂಡಿಲ್ಲ. ಬಸಿರಿನ ಇದೇ ತಿಂಗಳಿನಲ್ಲಿ ಹಿಂದೆ ಎರಡು ಸಲ ಅವಳ ಹೊಟ್ಟೆ ಬರಿದಾಯಿತು. ನನಗಿರುವುದು ಅವಳೊಬ್ಬಳೇ. ಎರಡನೆಯ ಸಲ ಅವಳು ಅಳಲೂ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಆ ಬೆನ್ನನ್ನು ಮತ್ತೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನಿಸುತ್ತದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಬೇಲಿಯಾಚೆಯಿಂದ ಆ ಬಯಲಿನವಳು ನೋಡುತ್ತಲೇ ಇದ್ದಳು. ನನ್ನ ಗಂಡ ತಲೆ ನೆರೆಯುವ ಹೊತ್ತಿಗೆ ಘಟ್ಟ ಇಳಿದುಹೋಗಿ ತಂದುಕೊಂಡ ಸವತಿ.

"ನೆಲಾನ ಅಳಿಸಿ ಹಾಕ್ತೀಯಾ ಹೇಗೆ, ದೊಡ್ಡ ಯಜಮಾನಿ?" ಅಂದಳು.

ಅವಳ ಹುಂಜ ನನ್ನ ಕಾಳಿನ ಮೊರಕ್ಕೆ ಬಾಯಿ ಹಾಕಲು ಬಂದಿತ್ತು, ಪೊರಕೆಯಲ್ಲಿ ಅಟ್ಟಿದೆ. ಗಂಡ ಹೋಗಿ ಎಷ್ಟೋ ವರ್ಷವಾಯಿತು. ಹೋಗುವಾಗ ನಮ್ಮಿಬ್ಬರಿಗೆ ಬಿಟ್ಟುಹೋದದ್ದು ಈ ಬೇಲಿ.

ಮಾರ್ಚ್ 5, ಗುರುವಾರ

ಜೇಡ ನೋಡಿ ಕಣಿ ಹೇಳುವವನ ಹತ್ತಿರ ಹೋಗಿಬಂದೆ. ಪಾಸ್ಟರ್ ಕಣ್ಣಿಗೆ ಬೀಳಬಾರದೆಂದು ಚರ್ಚಿನ ಮುಂದಿನ ದಾರಿ ಬಿಟ್ಟು ಕಾಫಿ ತೋಟದೊಳಗಿಂದ ನುಸುಳಿದೆ. ಎದುರಿಗೆ ಪಾಸ್ಟರರ ಹೆಂಡತಿಯೇ ಬರುತ್ತಿದ್ದರು, ನಾನು ಹೋಗುತ್ತಿದ್ದ ಕಡೆಯಿಂದಲೇ. ಇಬ್ಬರೂ ಜಗಿಯುವ ಕೋಲಾ ಕಾಯಿ ಈ ಸಲ ಎಷ್ಟು ಚಿಕ್ಕದು ಎಂದು ಮಾತಾಡಿ ಬೇರೆಯಾದೆವು.

ಮುದುಕ ಬಿಲದ ಮೇಲಿನ ಮಡಕೆ ಎತ್ತಿದ. ಜೇಡ ಹೊರಗೆ ಬಂದು ಅವನು ಜೋಡಿಸಿಟ್ಟಿದ್ದ ಎಲೆಚೂರುಗಳನ್ನು ಚೆಲ್ಲಾಪಿಲ್ಲಿ ಮಾಡಿ ಹೋಗಿತ್ತು. ಬಹಳ ಹೊತ್ತು ನೋಡಿದ.

"ನಿನ್ನ ಹತ್ರ ಮೂವರು ಹಿರಿಯರಿದಾರೆ."

ಅದು ಊರಿಗೇ ಗೊತ್ತು. ನಮ್ಮಲ್ಲಿ ತಾಯಿಯ ತಲೆ ಮಗಳ ಪಾಲಿಗೆ. ಅಮ್ಮ, ಅಜ್ಜಿ, ಮುತ್ತಜ್ಜಿ, ಮೂವರ ಬುರುಡೆಗಳೂ ಹಿತ್ತಿಲಿನ ಹಿರಿಯರ ಗುಡಿಸಲಲ್ಲಿ ನನ್ನ ಸುಪರ್ದಿನಲ್ಲಿವೆ. ಉಪ್ಪು, ತಾಳೆ ಎಣ್ಣೆ ಎಂದೂ ತಪ್ಪಿಸಿಲ್ಲ.

"ಎಡಗಡೆಯವಳಿಗೆ ನೀನು ಹೇಳೋದು ಕೇಳಿಸ್ತದೆ, ಆದ್ರೆ ಅರ್ಥ ಆಗಲ್ಲ" ಅಂದ.

"ಕಿವುಡಾ?"

"ಸತ್ತವರಿಗೆಂಥಾ ಕಿವುಡಮ್ಮಾ! ಅವಳ ಮಾತು ಬೇರೆ, ನಿನ್ನ ಮಾತು ಬೇರೆ. ಮೂರು ತಲೆಮಾರಿಂದ ಅವಳ ಮುಂದೆ ಬರೀ ಗದ್ದಲ ಮಾಡ್ತಿದೀರಿ. ಅವಳ ಮಾತಲ್ಲಿ ಮಾತಾಡಿಸು, ಮಗಳ ಹೊಟ್ಟೆ ನಿಲ್ತದೆ."

"ಅವಳ ಮಾತು ಯಾವುದು?"

"ಜೇಡ ಅದನ್ನೆಲ್ಲ ಹೇಳಲ್ಲ. ನಿನ್ನ ಮನೆ ಹೆಂಗಸು, ನನ್ನ ಕೇಳ್ತೀಯಲ್ಲ!"

ಎಡಗಡೆಯವಳು ಮುತ್ತಜ್ಜಿ. ನಮ್ಮ ಯೆಂಬಾ ಭಾಷೆ ಅವಳಿಗೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ, ಹೊರಗಿನಿಂದ ಬಂದವಳು ಎಂದು ಕೇಳಿದ್ದೇನೆ. ಸೋದರಮಾವ ಎದೆಯುಬ್ಬಿಸಿ ಹೇಳುತ್ತಿದ್ದರಲ್ಲ, ಫುಂಬಾನ್ ಅರಮನೆಯ ಹುಡುಗಿ, ರಾಜನ ಕಡೆಯವಳು ಎಂದು. ಹಾಗಾದರೆ ಅಲ್ಲಿನ ಬಾಮೂನ್ ಮಾತು. ಕಷ್ಟವೇನಲ್ಲ, ಸಂತೆಯಲ್ಲಿ ಬಟ್ಟೆ ಮಾರುವ ರಾಮಾತು ಅಲ್ಲಿಯವಳೇ.

ಮಾರ್ಚ್ 7, ಶನಿವಾರ

ರಾಮಾತುವಿನಿಂದ ಬಾಮೂನ್ ಭಾಷೆಯ ಎರಡು ಮೂರು ಸಾಲು ಬಾಯಿಪಾಠ ಮಾಡಿಕೊಂಡು ಬಂದೆ. ನಮಸ್ಕಾರ, ತಾಯೀ, ಈ ಮಗುವನ್ನು ಉಳಿಸಿಕೊಡು. ಗುಡಿಸಲಲ್ಲಿ ಕೂತು ಎಣ್ಣೆ ಎರೆದು ಒಪ್ಪಿಸಿದೆ. ಭದ್ರತೆಗಿರಲಿ ಎಂದು ಫ್ರೆಂಚಿನಲ್ಲೂ ಒಂದು ಸಲ ಹೇಳಿದೆ.

ಸಂಜೆ ಅರ್ಮಾನ್ ಫೋನ್ ಮಾಡಿದ. ಸ್ವಲ್ಪ ರಕ್ತ ಕಂಡಿತಂತೆ.

ಮಾರ್ಚ್ 8, ಭಾನುವಾರ

ಚರ್ಚಿಗೆ ಹೋಗದೆ ಆಸ್ಪತ್ರೆಗೆ ಹೋದೆ. ಆ ಕೋಣೆಯಲ್ಲಿ ಆರು ಹಾಸಿಗೆ, ಅಷ್ಟೇ ಬಗೆಯ ಮಾತು. ಪಕ್ಕದ ಹಾಸಿಗೆಯವಳು ದುವಾಲಾ ಮಾತಿನಲ್ಲಿ ನೋವು ಹೇಳಿಕೊಳ್ಳುತ್ತಾಳೆ, ಆಚೆಯವಳು ಪಿಜಿನ್ ಇಂಗ್ಲಿಷಿನಲ್ಲಿ ಗಂಡನನ್ನು ಬೈಯುತ್ತಾಳೆ, ನರ್ಸು ಎಲ್ಲರನ್ನೂ ಫ್ರೆಂಚಿನಲ್ಲಿ ಗದರಿಸುತ್ತಾಳೆ. ನನ್ನ ಮಗಳು ಮೂರನ್ನೂ ಅರ್ಥ ಮಾಡಿಕೊಂಡು ಯಾರಿಗೂ ಉತ್ತರ ಕೊಡದೆ ಮಲಗಿದ್ದಳು.

ವಿಷಯ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ.

"ಮಾ, ನೀನು ಏನು ಮಾಡ್ತೀಯೋ ಮಾಡು" ಅಂದಳು. "ನಾನಂತೂ ಮಲಗಿದೀನಿ. ಮಲಗೋದು ಬಿಟ್ಟು ಬೇರೆ ಏನಾದ್ರೂ ಯಾರಾದ್ರೂ ಮಾಡ್ತಿದ್ರೆ ನನಗೂ ಸಮಾಧಾನ."

ಅರ್ಮಾನ್ ತನ್ನ ಫೋನ್ ತೋರಿಸಿದ. ಶೀಶೆಯಲ್ಲಿ ಉಗುಳು ತುಂಬಿ ಹೊರದೇಶಕ್ಕೆ ಕಳಿಸಿದರೆ ಪೂರ್ವಿಕರು ಯಾರೆಂದು ಬರೆದು ಕಳಿಸುತ್ತಾರಂತೆ. "ಉಗುಳು ಭಾಷೆ ಹೇಳುತ್ತದೇನಪ್ಪಾ?" ಎಂದು ಕೇಳಿದೆ. ಸೊಲಾಂಜ್ ಆಗ ನಕ್ಕಳು. ನಕ್ಕು ಹೊಟ್ಟೆ ಹಿಡಿದುಕೊಂಡಳು. ಅರ್ಮಾನ್‌ಗೂ ನನಗೂ ಜೀವ ಹಾರಿತು.

ಮಾರ್ಚ್ 11, ಬುಧವಾರ

ಇವತ್ತಿನದನ್ನು ಹೇಗೆ ಬರೆಯಲಿ!

ರಾಮಾತು ಕಾಳಿಗೆಂದು ಮನೆಗೆ ಬಂದಿದ್ದಳು. ನಾನು ಡಬ್ಬದಲ್ಲಿ ಅಳೆದು ಅವಳ ಚೀಲಕ್ಕೆ ಸುರಿಯುತ್ತಾ ಅಮ್ಮ ಎಣಿಸುತ್ತಿದ್ದ ಹಾಗೆ ಎಣಿಸಿದೆ. ಅದು ಐದರವರೆಗೆ ಮಾತ್ರ, ಆಮೇಲೆ ಮತ್ತೆ ಮೊದಲಿನಿಂದ. ಅದು ಮಕ್ಕಳ ಆಟದ ಪದ ಎಂದೇ ನಾನು ತಿಳಿದಿದ್ದು.

"ಇದು ಯಾವ ಎಣಿಕೆ, ಅಮ್ಮಾ?" ಅಂದಳು ರಾಮಾತು.

"ನಿಮ್ಮದೇ ಇರಬೇಕು. ಮುತ್ತಜ್ಜಿ ಕಡೆಯಿಂದ ಬಂದಿದ್ದು."

"ನಮ್ಮದಾ? ನಮ್ಮಲ್ಲಿ ಹೀಗೆ ಎಣಿಸಿದ್ರೆ ಗಿರಾಕಿ ಓಡಿ ಹೋಗ್ತಾನೆ. ಇದು ಬಾಮೂನ್ ಅಲ್ಲವೇ ಅಲ್ಲ."

ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ದನಿ, ನಾನು ನಿಲ್ಲಿಸಿದ ಐದರಿಂದ ಶುರುಮಾಡಿ ಹತ್ತರವರೆಗೂ ಹೋಯಿತು, ಅದೇ ರಾಗದಲ್ಲಿ. ಆ ಬಯಲಿನವಳು! ಬಟ್ಟೆ ಹಿಂಡುತ್ತ, ನಮ್ಮ ಕಡೆ ನೋಡದೆ.

"ಏನದು?" ಅಂದೆ.

"ಅದು ಎಂಬೋ ಭಾಷೆ. ನಮ್ಮ ಬಯಲಿನ ಮಾತು, ದೊಡ್ಡ ಯಜಮಾನಿ. ಐದಕ್ಕೇ ಯಾಕೆ ನಿಲ್ಲಿಸ್ತೀಯೋ ಅಂತ ಇಷ್ಟು ವರ್ಷ ಯೋಚನೆ ಮಾಡಿದೀನಿ."

"ಗೊತ್ತಿದ್ದೂ ಹೇಳಲಿಲ್ವಾ?"

"ಮದುವೆಯಾಗಿ ಬಂದ ಮೊದಲ ವಾರ. ನೀನು ಕೆಸವಿನ ಗೆಡ್ಡೆ ಎಣಿಸ್ತಿದ್ದೆ. ನಮ್ಮೂರ ಕಡೆಯವಳು ಒಬ್ಬಳಿದಾಳೆ ಅಂತ ನನಗೆ ಅಳುವೇ ಬಂತು. ಮಾತಾಡಿಸೋಣ ಅಂತ ಓಡಿಬಂದೆ. 'ಬಯಲು ಕಪ್ಪೆ, ಆಚೆ ನಿಲ್ಲು' ಅಂದೆ ನೀನು. ನಿಂತೆ."

ಬಟ್ಟೆ ಕೊಡವಿ ತಂತಿಯ ಮೇಲೆ ಹರಡಿ ಒಳಗೆ ಹೋದಳು. ರಾಮಾತು ತನ್ನ ಚೀಲದ ಬಾಯಿ ಕಟ್ಟುತ್ತ ನೆಲ ನೋಡುತ್ತಿದ್ದಳು.

ನಾನು ಹಾಗೆ ಅಂದದ್ದು ನೆನಪಿಲ್ಲ. ಅಂದಿದ್ದರೂ ಅಂದಿರಬಹುದು. ಆ ದಿನಗಳಲ್ಲಿ ನಾನು ಯಾರಿಗೆ ಏನು ತಾನೇ ಅಂದಿಲ್ಲ!

ಮಾರ್ಚ್ 12, ಗುರುವಾರ

ಅರಮನೆ ಹೋಯಿತು, ಕಪ್ಪೆಗಳ ಮನೆ ಬಂತು. ಸೋದರಮಾವ ಬದುಕಿದ್ದರೆ ಕೇಳುತ್ತಿದ್ದೆ.

ಸಾಧ್ಯವೇ ಇಲ್ಲ. ಐದು ಎಣಿಕೆಯಿಂದ ಏನಾಗುತ್ತದೆ? ಅಮ್ಮ ಯಾರಿಂದಲೋ ಕಲಿತಿರಬೇಕು.

ಮಾರ್ಚ್ 14, ಶನಿವಾರ

ಹೋದೆ. ಬೇಲಿ ಸುತ್ತಿಕೊಂಡು, ಎದುರು ಬಾಗಿಲಿನಿಂದಲ್ಲ, ಅಡುಗೆಮನೆ ಕಡೆಯಿಂದ. ಅವಳು ಒಲೆಯ ಮುಂದೆ ಕೂತಿದ್ದಳು. ಕೂರು ಎನ್ನಲಿಲ್ಲ. ನಾನೇ ಮಣೆ ಎಳೆದುಕೊಂಡು ಕೂತೆ.

"ಸೊಲಾಂಜ್ ಹೇಗಿದಾಳೆ?" ಎಂದು ಅವಳೇ ಮೊದಲು ಕೇಳಿದಳು.

"ಮಲಗಿದಾಳೆ."

"ನನ್ನ ಕೈಯಲ್ಲಿ ಆಗೋದೇನು ಹೇಳು."

ಅವಳು ಇನ್ನೂ ಸ್ವಲ್ಪ ಆಟ ಆಡಿಸುತ್ತಾಳೆ, ನಾನೂ ನಾಲ್ಕು ಮಾತು ಹೇಳಿ ಎದ್ದುಬರಬಹುದು ಎಂದುಕೊಂಡಿದ್ದೆ. ಹೀಗೆ ಕೇಳಿದ ಮೇಲೆ ಹೇಳಲೇಬೇಕಾಯಿತು. ನಿನ್ನ ಮಾತು ಕಲಿಸು ಅಂದೆ.

"ಕಲಿಸ್ತೀನಿ. ಮೊದಲು ಊಟ. ನನ್ನ ಕೈಯಡುಗೆ ಇವತ್ತಿನವರೆಗೂ ಮುಟ್ಟಿಲ್ಲ ನೀನು. ಹಸಿದ ಬಾಯಿಗೆ ಭಾಷೆ ಬರಲ್ಲ."

ತಟ್ಟೆಯಲ್ಲಿ ಬೇಯಿಸಿದ ಬಾಳೆಕಾಯಿ, ಮೇಲೆ ಮುಳ್ಳುಹಂದಿಯ ಸಾರು. ಒಳ್ಳೆಯ ವಾಸನೆ, ಸುಳ್ಳು ಯಾಕೆ ಹೇಳಲಿ. ಆದರೆ ತಟ್ಟೆ ಪಕ್ಕಕ್ಕೆ ಸರಿಸಿದೆ.

"ವಿಷ ಹಾಕಿಲ್ಲ."

"ಅದಕ್ಕಲ್ಲ. ನಮ್ಮ ಅಮ್ಮನ ಕಡೆ ಹೆಂಗಸರು ಮುಳ್ಳುಹಂದಿ ಮುಟ್ಟಲ್ಲ. ಅಜ್ಜಿ ಮುಟ್ಟಲಿಲ್ಲ, ಅಮ್ಮ ಮುಟ್ಟಲಿಲ್ಲ. ಮುತ್ತಜ್ಜಿ ಹಾಕಿದ ಕಟ್ಟಂತೆ."

ಸೌಟು ಅವಳ ಕೈಯಲ್ಲೇ ನಿಂತಿತು. "ಯಾರು ಹಾಕಿದ್ದು?"

"ಮುತ್ತಜ್ಜಿ."

"ನಮ್ಮ ಬಯಲಿನಲ್ಲಿ ಮುಳ್ಳುಹಂದಿ ತಿನ್ನದ ಮನೆತನ ಒಂದೇ ಇರೋದು" ಅಂದಳು. "ಹೊಳೆ ಆಚೆ ದಂಡೆ, ಮುದುಕ ಎಪಾಲೆ ಅವರ ಮನೆ. ಅಲ್ಲಿ ಸಂಬಂಧ ಬೆಳೆಸಿದವರೆಲ್ಲ ಬೈಕೊಂಡು ಬರ್ತಾರೆ, ಇಷ್ಟು ಒಳ್ಳೆ ಮಾಂಸ ಬಿಡ್ತಾರಲ್ಲ ಅಂತ."

ಸಾರು ತೆಗೆದು ನನಗೆ ಬೇರೆ ತಟ್ಟೆಯಲ್ಲಿ ಬಾಳೆಕಾಯಿ, ತಾಳೆ ಎಣ್ಣೆ, ಮೆಣಸಿನಕಾಯಿ ಕೊಟ್ಟಳು. ತಿಂದೆ. ಉಪ್ಪು ಸ್ವಲ್ಪ ಜಾಸ್ತಿ.

ಮಾರ್ಚ್ 18, ಬುಧವಾರ

ದಿನಾ ಕಲಿಯುತ್ತಿದ್ದೇನೆ. ಈ ವಯಸ್ಸಿನಲ್ಲಿ ನಾಲಿಗೆ ಹಳೆಯ ಕೀಲಿನ ಹಾಗೆ. ಬೇಲಿಯಾಚೆಯ ದೆಲ್ಫಿನ್ ಕಲಿಸುವ ರೀತಿಯೂ ಒಂಥರಾ. ಪಾತ್ರೆ ತೊಳೆಯುತ್ತ ಒಂದು ಮಾತು ಎಸೆಯುತ್ತಾಳೆ, ನಾನು ಹಿಡಿದು ವಾಪಸು ಎಸೆಯಬೇಕು. ತಪ್ಪಿದರೆ ಅವಳು ನಗುವ ನಗುವಿಗೆ ಕೋಳಿಗಳು ಹಾರಿ ಹೋಗುತ್ತವೆ.

"ನೀನು ಮಾತಾಡಿದ್ರೆ ಬಿಸಿ ಗೆಡ್ಡೆ ಬಾಯಲ್ಲಿಟ್ಕೊಂಡ ಹಾಗಿರುತ್ತೆ" ಅಂದಳು.

"ನೀನು ಯೆಂಬಾ ಮಾತಾಡಿದ್ರೆ ಮೇಕೆ ಕೆಮ್ಮಿದ ಹಾಗಿರುತ್ತೆ, ನಾನೇನಾದ್ರೂ ಹೇಳಿದೀನಾ?"

"ಹೇಳದೇ ಇದ್ದ ದಿನ ಯಾವುದು?"

ಬೆಳಿಗ್ಗೆ ಎದ್ದು ಮೊದಲು ಫೋನ್ ನೋಡುತ್ತೇನೆ. ಆಮೇಲೆ ಬೇಲಿಯ ಕಡೆ, ಹೊಗೆ ಎದ್ದಿದೆಯೇ ಎಂದು.

ಮಾರ್ಚ್ 21, ಶನಿವಾರ

ಇವತ್ತು ದೆಲ್ಫಿನ್ ಜೊತೆ ಜಗಳ. ಸಾಕಷ್ಟು ಕಲಿತಾಯಿತು, ಗುಡಿಸಲಿಗೆ ಹೋಗಿ ಹೇಳಿಬಿಡುತ್ತೇನೆ ಅಂದೆ.

"ಏನು ಹೇಳ್ತೀಯ?"

"ಮಗು ಉಳಿಸು ಅಂತ."

"ಆಮೇಲೆ?"

"ಆಮೇಲೇನು? ಅಷ್ಟೇ."

ಅವಳಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ಬೇಲಿಯ ಸಿಟ್ಟಲ್ಲ. "ನಿನ್ನನ್ನ ಹುಡುಗಿಯಾಗಿದ್ದಾಗ ಘಟ್ಟ ಹತ್ತಿಸಿ ಯಾರದೋ ಮನೆಗೆ ತಂದಿರ್ತಾರೆ. ಸಾಯೋವರೆಗೂ, ಸತ್ತ ಮೇಲೂ ನಿನ್ನ ಮಾತು ಒಂದು ಕಿವಿಗೆ ಬೀಳಲ್ಲ. ಒಂದು ದಿನ ಬಾಗಿಲಲ್ಲಿ ಯಾರೋ ನಿನ್ನ ಮಾತಲ್ಲಿ ಕರೀತಾರೆ. ತವರಿನವರು ಬಂದರು ಅಂತ ಎದ್ದು ಓಡಿ ಬರ್ತೀಯ. ಬಂದವಳು ಏನಂತಾಳೆ? 'ಅದು ಕೊಡು, ಇದು ಕೊಡು.' ಅಷ್ಟೇ? ಥೂ!"

"ಮತ್ತೇನು ಹೇಳ್ಬೇಕು?"

"ನಮ್ಮ ಕಡೆ, ದೂರ ಕೊಟ್ಟ ಹುಡುಗೀನ ನೋಡೋಕೆ ಹೋದ್ರೆ ನೀರು ಕುಡಿಯೋಕೂ ಮೊದಲು ತವರಿನ ಸುದ್ದಿ ಹೇಳ್ತಾರೆ. ಯಾರು ಸತ್ತರು, ಯಾರಿಗೆ ಮಗುವಾಯ್ತು, ಯಾರ ಮನೆ ಬಿತ್ತು, ಹೊಳೆ ಬಂತಾ ಇಲ್ವಾ. ಒಂದೂ ಬಿಡೋ ಹಾಗಿಲ್ಲ. ಬಿಟ್ಟರೆ ಅವಳು ನಿಮ್ಮ ಪಾಲಿಗೆ ಸತ್ತಳು ಅಂತ ಅರ್ಥ."

"ಮುತ್ತಜ್ಜಿ ಬಂದಿದ್ದು ಜರ್ಮನ್ನರು ಆಳುತ್ತಿದ್ದ ಕಾಲದಲ್ಲಿ. ಅಲ್ಲಿಂದ ಈಚಿನ ಸುದ್ದಿಯೆಲ್ಲ ನಾನೆಲ್ಲಿಂದ ತರಲಿ?"

"ಘಟ್ಟ ಇಳಿಯೋಕೆ ಕಾಲಿಲ್ವಾ ನಿನಗೆ?"

ಮಗಳು ಹಾಸಿಗೆ ಹಿಡಿದಿರುವಾಗ ನಾನು ಊರು ತಿರುಗುವುದೇ! ಅವಳ ಮುಖಕ್ಕೆ ಹಾಗೆಯೇ ಹೇಳಿ ಬಂದೆ. ಬಂದು ಗುಡಿಸಲ ಬಾಗಿಲವರೆಗೂ ಹೋದೆ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಹಿಂದೆ ಬರಿಗೈಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಇವತ್ತು ಅದು ಬರಿಗೈ ಎಂದು ತಿಳಿಯಿತು.

ಮಾರ್ಚ್ 24, ಮಂಗಳವಾರ

ದೆಲ್ಫಿನ್ ಜೊತೆ ನಿನ್ನೆ ಬಯಲಿಗೆ ಹೋಗಿ ಇವತ್ತು ಬಂದೆವು. ಅರ್ಮಾನ್ ಆಸ್ಪತ್ರೆ ಬಿಟ್ಟು ಕದಲುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಹೊರಟದ್ದು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾಲ್ವರು, ನನ್ನ ಮಡಿಲಲ್ಲಿ ಯಾರದೋ ಮರಗೆಣಸಿನ ಬುಟ್ಟಿ. ಘಟ್ಟದ ತಿರುವುಗಳಲ್ಲಿ ದೆಲ್ಫಿನ್ ನನ್ನ ತೋಳು ಹಿಡಿದುಕೊಂಡಿದ್ದಳು, ಭಯ ಅವಳಿಗೋ ನನಗೋ ತಿಳಿಯಲಿಲ್ಲ. ಕೆಳಗಿಳಿದರೆ ಸೆಖೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲ ಫೋನ್ ಸದ್ದಾದಾಗಲೂ ಬುಟ್ಟಿ ಸರಿಸಿ ನೋಡುತ್ತಿದ್ದೆ. ಕಂಪನಿಯವರ ಜಾಹೀರಾತು.

ಎಪಾಲೆ ತುಂಬಾ ಮುದುಕರು, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಮಾವಿನ ಮರದ ಕೆಳಗೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ದೆಲ್ಫಿನ್ ವಿಷಯ ಹೇಳಲು ಹೊರಟಳು, ನಾನು ತಡೆದೆ. ಕಲಿತದ್ದನ್ನು ನಾನೇ ಹೇಳಿದೆ: ಘಟ್ಟದ ಮೇಲಿನಿಂದ ಬಂದಿದ್ದೇನೆ, ಮುಳ್ಳುಹಂದಿ ತಿನ್ನದ ಮನೆಯ ಹುಡುಗಿಯೊಬ್ಬಳ ಮಗಳ ಮಗಳ ಮಗಳು ನಾನು.

ಮುದುಕರು ಕಿವಿಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಮಾತು ಅರ್ಥವಾಗಲಿಲ್ಲವೇನೋ ಎಂದು ನಾಚಿಕೆಯಾಯಿತು.

"ಎನಂಗೆ" ಅಂದರು. "ಎಣ್ಣೆ ಕೊಳ್ಳೋಕೆ ಬಂದ ವ್ಯಾಪಾರಿ ಜೊತೆ ಮೇಲಕ್ಕೆ ಹೋದವಳು. ನಮ್ಮ ಅಜ್ಜನ ಅಕ್ಕ." ಆಮೇಲೆ ನನ್ನ ಕಡೆಗೆ ಬಾಗಿ, ಮೊನ್ನೆ ಮೊನ್ನೆ ಹೋದವಳನ್ನು ಕೇಳುವ ಹಾಗೆ, "ಚೆನ್ನಾಗಿದಾಳೇನಮ್ಮಾ?" ಅಂದರು.

ಏನು ಹೇಳಲಿ? "ಚೆನ್ನಾಗಿದಾಳೆ, ಅಪ್ಪಾ. ಒಣಗಿದ ಜಾಗದಲ್ಲಿ ಇಟ್ಟಿದೀನಿ. ಮಳೆ ಸೋರಲ್ಲ. ಮಗಳು, ಮೊಮ್ಮಗಳು ಪಕ್ಕದಲ್ಲೇ ಇದಾರೆ."

"ಒಳ್ಳೇದು ಮಾಡ್ದೆ" ಅಂದರು. "ಒಂಟಿ ಇಲ್ಲ ಅಂದ್ಮೇಲೆ ಸರಿ."

ಆಮೇಲೆ ಸುದ್ದಿ ಶುರುವಾಯಿತು. ಒಬ್ಬರು ಹೇಳುವಾಗ ಇನ್ನೊಬ್ಬರು ತಿದ್ದುತ್ತಾರೆ, ಅಡುಗೆಮನೆಯಿಂದ ಹೆಂಗಸರು ಕೂಗಿ ಸೇರಿಸುತ್ತಾರೆ. ಎನಂಗೆಯ ಇನ್ನೊಬ್ಬ ತಮ್ಮ ಹೊರೆ ಹೊತ್ತು ಸಮುದ್ರದ ಕಡೆ ಹೋದವನು ಬರಲಿಲ್ಲ. ಹೊಳೆ ಉಕ್ಕಿ ದಂಡೆಯ ಮನೆಗಳನ್ನೆಲ್ಲ ತೆಗೆದುಕೊಂಡು ಹೋದ ಮೇಲೆ ಊರು ರಸ್ತೆಯ ಕಡೆ ಸರಿಯಿತು. ಸ್ವಾತಂತ್ರ್ಯದ ಹೊತ್ತಿನ ಗಲಾಟೆಯ ವರ್ಷಗಳಲ್ಲಿ ಚಿಕ್ಕಪ್ಪನ ಮನೆ ಸುಟ್ಟಿತು. ಭತ್ತ ಬಂತು, ಭತ್ತ ಹೋಯಿತು, ಮತ್ತೆ ತಾಳೆಯೇ. ಅವಳು ನೀರು ತರುತ್ತಿದ್ದ ಒರತೆ ಇನ್ನೂ ಬತ್ತಿಲ್ಲ. ಮತ್ತೆ ಇದೊಂದು: ಅವಳ ತಾಯಿ ಸಾಯುವವರೆಗೂ ಪ್ರತಿ ಊಟದಲ್ಲಿ ಒಂದು ಪಾಲು ಎತ್ತಿಡುತ್ತಿದ್ದಳು. ಕತ್ತಲಾಗುವವರೆಗೂ ಕಾದು, ಆಮೇಲೆ ಮಕ್ಕಳಿಗೆ ಹಂಚುತ್ತಿದ್ದಳು.

ಅದನ್ನು ಕೇಳಿ ದೆಲ್ಫಿನ್ ಎದ್ದು ಮರದ ಹಿಂದೆ ಹೋದಳು. ಇವಳಿಗೆ ತಾಯಿ ಸತ್ತದ್ದು ನಮ್ಮ ಮನೆಗೆ ಬಂದ ವರ್ಷವೇ. ಅಂಗಳದಲ್ಲಿ ಜೋಳ ಒಣಗಲು ಹಾಕಿದೆ ಎಂದು ನಾವು ಅವಳನ್ನು ಹೋಗಿ ಬರಲು ಬಿಟ್ಟಿರಲಿಲ್ಲ. ಹಿಂದೆಯೇ ಹೋಗಿ ನೀರು ಕೊಟ್ಟೆ.

ಎರಡು ದಿನ ಸುಟ್ಟ ಮೀನು, ಬಾಳೆಕಾಯಿ. ನಮ್ಮಿಬ್ಬರಿಗೂ ಒಂದೇ ತಟ್ಟೆ, ಅವರಲ್ಲಿ ತಟ್ಟೆ ಕಡಿಮೆ ಇತ್ತು.

ಮಾರ್ಚ್ 26, ಗುರುವಾರ

ಬೆಳಿಗ್ಗೆ ಅರ್ಮಾನ್ ಫೋನ್. ರಕ್ತ ನಿಲ್ಲುತ್ತಿಲ್ಲ, ಆಪರೇಷನ್ ಮಾಡಿ ಮಗು ತೆಗೆಯುತ್ತಾರಂತೆ, ಇನ್ನೂ ತಿಂಗಳು ತುಂಬಿಲ್ಲ. ಗಾಬರಿ ಆಗೋದೇನಿಲ್ಲ ಎಂದು ಇವತ್ತು ಹೇಳಲಿಲ್ಲ.

ಸ್ಕಾರ್ಫು ಹುಡುಕಿದೆ, ಸಿಗಲಿಲ್ಲ, ತಲೆಯ ಮೇಲೆಯೇ ಇತ್ತು. ದೆಲ್ಫಿನ್ ಬೇಲಿ ದಾಟಿ ಬಂದಳು, ಸುತ್ತಿಕೊಂಡು ಬರಲೂ ಇಲ್ಲ, ತುಳಿದೇ ಬಂದಳು.

"ಅಕ್ಕಾ, ಆಸ್ಪತ್ರೆಗೆ ಈಗ ಹೋದ್ರೆ ಬಾಗಿಲಲ್ಲಿ ನಿಲ್ಲಿಸ್ತಾರೆ. ಈ ಬಾಗಿಲು ನಿನ್ನನ್ನ ನಿಲ್ಲಿಸಲ್ಲ. ಮೊದಲು ಇಲ್ಲಿ."

ಮಳೆ ಸುರಿಯುತ್ತಿತ್ತು. ರಕ್ತಸಂಬಂಧ ಇಲ್ಲದವರು ಹಿರಿಯರ ಗುಡಿಸಲ ಹೊಸ್ತಿಲು ದಾಟುವಂತಿಲ್ಲ, ಹಾಗಾಗಿ ಅವಳು ಬಾಳೆ ಎಲೆ ತಲೆಯ ಮೇಲೆ ಹಿಡಿದು ಹೊರಗೆ ನಿಂತಳು. ನಾನು ಒಳಗೆ ಹೋಗಿ ಎಣ್ಣೆ ಎರೆದೆ, ಉಪ್ಪು ಇಟ್ಟೆ. ಎಣ್ಣೆ ನನ್ನ ಬಟ್ಟೆಯ ಮೇಲೂ ಚೆಲ್ಲಿತು.

"ಎನಂಗೆ" ಎಂದು ಕರೆದೆ. ಈ ಮನೆಯಲ್ಲಿ ಅವಳನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. "ನಾನು ತವರಿನಿಂದ ಬಂದಿದ್ದೇನೆ. ನಿನ್ನ ತಮ್ಮನ ಮೊಮ್ಮಗ ಎಪಾಲೆ ಮಾವಿನ ಮರದ ಕೆಳಗೆ ಕೂತಿದ್ದಾನೆ. ನೀನು ಚೆನ್ನಾಗಿದ್ದೀಯಾ ಎಂದು ಕೇಳಿದ."

ಮಾತು ಸ್ವಲ್ಪ ದೂರ ನಡೆಯಿತು. ಆಮೇಲೆ ಹೊಳೆಗೆ ಅವರ ಮಾತಿನಲ್ಲಿ ಏನೆನ್ನುತ್ತಾರೋ ಮರೆತೇಹೋಯಿತು. ಹೊರಗಿನಿಂದ ದೆಲ್ಫಿನ್ ಕೂಗಿ ಹೇಳಿದಳು. ನಾನು ಮುಂದುವರಿಸಿದೆ. ಮತ್ತೆ ತಡವರಿಸಿದೆ, ಮತ್ತೆ ಕೂಗಿದಳು.

"ನೆರೆ ಬಂದಿದ್ದು ಮೊದಲು!" ಅಂದಳು.

"ಅಲ್ಲ, ಬೆಂಕಿ ಮೊದಲು. ಎಪಾಲೆ ಹೇಳಿದ್ದು ನಾನು ಕೇಳಿಸಿಕೊಂಡಿದೀನಿ!"

"ಬೆಂಕಿ ಬಿದ್ದಿದ್ದು ರಸ್ತೆ ಪಕ್ಕದ ಮನೆಗೆ! ನೆರೆ ಬರದೇ ರಸ್ತೆ ಪಕ್ಕಕ್ಕೆ ಯಾಕೆ ಹೋಗ್ತಿದ್ರು?"

ಅದೂ ಸರಿಯೇ. ಮುತ್ತಜ್ಜಿಯ ಮುಂದೆ ತಪ್ಪು ಒಪ್ಪಿ ತಿದ್ದಿ ಹೇಳಿದೆ. ತಮ್ಮನ ಸುದ್ದಿ, ಒರತೆಯ ಸುದ್ದಿ, ಭತ್ತ, ತಾಳೆ, ಪ್ರತಿ ತಲೆಮಾರಿನಲ್ಲೂ ಒಬ್ಬಳಿಗೆ ಅವಳ ಹೆಸರಿಟ್ಟದ್ದು, ಈಗಿನ ಎನಂಗೆ ರಸ್ತೆ ಬದಿಯಲ್ಲಿ ಕರಿದ ಉಂಡೆ ಮಾರುವುದು. ತಾಯಿ ಎತ್ತಿಡುತ್ತಿದ್ದ ಪಾಲಿನ ವಿಷಯ ಬಂದಾಗ ಮತ್ತೆ ನಿಂತೆ. ಹೊರಗಿನಿಂದ ಸೂಚನೆ ಬರಲಿ ಎಂದು ಕಾದೆ. ಬರಲಿಲ್ಲ. ಮಳೆಯ ಸದ್ದು ಮಾತ್ರ. ಕೊನೆಗೆ ಹೇಗೋ ನಾನೇ ಹೇಳಿದೆ.

ಹೊರಗೆ ಬಂದಾಗ ಹೊತ್ತ ಹೊರೆ ಇಳಿಸಿದ ಹಾಗಿತ್ತು. ಬಾಡಿಗೆ ಬೈಕು ಸಿಕ್ಕಿತು, ಮುಂದೆ ಬೈಕಿನವನು, ಹಿಂದೆ ನಾನು, ನನ್ನ ಹಿಂದೆ ದೆಲ್ಫಿನ್. ಸಂತೆ ದಾಟಿದ್ದೆವು, ಆಗ ಹೊಳೆಯಿತು.

"ನಿಲ್ಸಪ್ಪಾ, ನಿಲ್ಸು!"

"ಏನಾಯ್ತಕ್ಕ?"

"ಕೇಳಲೇ ಇಲ್ಲ! ಮಗು ಉಳಿಸು ಅಂತ ಕೇಳೋದನ್ನೇ ಮರೆತೆ!"

ಬೈಕಿನವನು ಮುಖದ ನೀರು ಒರೆಸಿಕೊಂಡ. "ಮುಂದಕ್ಕೋ ಹಿಂದಕ್ಕೋ, ಒಂದು ಹೇಳ್ರಮ್ಮ. ನಾನು ನೆನೀತಿದೀನಿ."

ನಾನು ಮನೆಯ ಕಡೆ ತಿರುಗಿ ನೋಡಿದೆ, ಆಸ್ಪತ್ರೆಯ ಕಡೆ ನೋಡಿದೆ.

"ಅಕ್ಕಾ" ಅಂದಳು ದೆಲ್ಫಿನ್, "ಈಗ ವಾಪಸು ಹೋಗಿ ಕೈಚಾಚಿದ್ರೆ, ಇಷ್ಟು ಹೊತ್ತು ಆಡಿದ್ದೆಲ್ಲ ಇದಕ್ಕೇ ಆಡಿದ ಹಾಗಾಗುತ್ತೆ. ಅಲ್ಲಿ ಸೊಲಾಂಜ್ ಕಾಯ್ತಿದಾಳೆ."

"ಮುಂದಕ್ಕೆ" ಅಂದೆ. ಆ ಒಂದು ಮಾತು ಬಾಯಿಂದ ಬರುವಾಗ ಹಲ್ಲು ಕಿತ್ತ ಹಾಗಾಯಿತು.

ಮಾರ್ಚ್ 27, ಶುಕ್ರವಾರ

ಹೆಣ್ಣು ಮಗು. ಉಸಿರಾಡುತ್ತಿದೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ, ಮೂಗಿಗೆ ಕೊಳವೆ. ನನ್ನ ಮುಷ್ಟಿಯಷ್ಟೇ ಮುಖ, ಮುದುಕಿಯ ಹಾಗೆ ಸುಕ್ಕು, ಯಾರ ಮೇಲೋ ಸಿಟ್ಟಾದ ಹಾಗೆ ಹುಬ್ಬು ಗಂಟಿಕ್ಕಿದೆ. ಈ ವಾರ ಕಳೆಯಲಿ, ಆಮೇಲೆ ಹೇಳುತ್ತೇನೆ ಅಂದರು ಡಾಕ್ಟರು.

ಸೊಲಾಂಜ್ ಗೋಡೆಯ ಕಡೆ ತಿರುಗಿರಲಿಲ್ಲ. ನಮ್ಮ ಕಡೆಯೇ ನೋಡುತ್ತಿದ್ದಳು.

"ಮಾ, ಮುತ್ತಜ್ಜಿ ಹತ್ರ ಏನಂತ ಕೇಳಿದೆ?"

ನಾನು ದೆಲ್ಫಿನ್ ಮುಖ ನೋಡಿದೆ. ಅವಳು ಕಿಟಕಿ ನೋಡಿದಳು.

"ಕೇಳೋದು ಮರೆತುಹೋಯ್ತು."

"ಮತ್ತೆ ಅಷ್ಟು ಹೊತ್ತು ಏನು ಮಾಡ್ತಿದ್ರಿ?"

"ಜಗಳ" ಅಂದಳು ದೆಲ್ಫಿನ್. "ನೆರೆ ಮೊದಲೋ ಬೆಂಕಿ ಮೊದಲೋ ಅಂತ."

ಸೊಲಾಂಜ್ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು, ಅಯ್ಯೋ ಅಮ್ಮಾ ಎನ್ನುತ್ತ ನಕ್ಕಳು. ನರ್ಸು ಬಂದು ನಮ್ಮಿಬ್ಬರನ್ನೂ ಹೊರಗೆ ಹಾಕಿದಳು.

ಏಪ್ರಿಲ್ 9, ಗುರುವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದಲ್ಲ, ಕೂರಲು ಹೊತ್ತಿರಲಿಲ್ಲ. ಎರಡು ಸಲ ಮಗು ಉಸಿರು ಮರೆಯಿತು, ಎರಡು ಸಲವೂ ನರ್ಸು ಅಂಗಾಲು ತಟ್ಟಿ ನೆನಪಿಸಿದಳು. ನಿನ್ನೆ ಕೊಳವೆ ತೆಗೆದರು. ಇವತ್ತು ಸೊಲಾಂಜ್ ಅದನ್ನು ಎದೆಗೊತ್ತಿಕೊಂಡು ಚಮಚದಲ್ಲಿ ಹಾಲು ಕುಡಿಸಿದಳು. ಡಾಕ್ಟರು, "ಇನ್ನು ಮನೆಗೆ ಹೋಗೋ ಯೋಚನೆ ಮಾಡಬಹುದು" ಅಂದರು. ಅರ್ಮಾನ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತ.

ಬಂದ ತಕ್ಷಣ ಗುಡಿಸಲಿಗೆ ಹೋಗಿ ಮುತ್ತಜ್ಜಿಗೆ ಸುದ್ದಿ ಹೇಳಿದೆ. ಈಗ ಎರಡು ಮೂರು ದಿನಕ್ಕೊಮ್ಮೆ ಹೋಗುತ್ತೇನೆ. ಅಮ್ಮ, ಅಜ್ಜಿಯರೂ ಕೇಳಿಸಿಕೊಳ್ಳಲಿ ಎಂದು ಆಮೇಲೆ ಯೆಂಬಾದಲ್ಲೂ ಹೇಳುತ್ತೇನೆ. ಹೆಚ್ಚು ಹೊತ್ತು ಹಿಡಿಯುತ್ತದೆ. ಕೇಳುವಂಥದ್ದು ಏನಾದರೂ ನೆನಪಾದರೆ ಕೇಳೋಣ ಎಂದಿದ್ದೇನೆ, ಅಷ್ಟರಲ್ಲಿ ಬೇರೆ ಸುದ್ದಿ ಬಂದುಬಿಡುತ್ತದೆ.

ದೆಲ್ಫಿನ್ ಇಲ್ಲದೆ ಇನ್ನೂ ಆಗುವುದಿಲ್ಲ. ಚಮಚಕ್ಕೆ ಅವರ ಮಾತಿನಲ್ಲಿ ಏನೆನ್ನುತ್ತಾರೆ ನನಗೆ ಹೇಗೆ ಗೊತ್ತು? ಮಳೆಯಲ್ಲಿ ನಿಂತು ಕೂಗಿದರೆ ಅವಳ ದನಿ ಒಡೆಯುತ್ತದೆ, ಒಳಗೆ ನನಗೆ ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ ಹೊಸ್ತಿಲ ಹೊರಗೆ, ಗೋಡೆಗೆ ತಾಗಿಸಿ ಒಂದು ಬೆಂಚು ಹಾಕಿಸಿದೆ, ಮೇಲೆ ತಗಡಿನ ಸೂರು ಚಾಚಿಸಿದೆ. ಬೆಂಚು ಇಬ್ಬರು ಕೂರುವಷ್ಟು ಉದ್ದವಾಗಿದೆ. ಬಡಗಿ ಅಳತೆ ತಪ್ಪಿದ್ದಾನೆ. ಇರಲಿ ಬಿಡು ಅಂದೆ.